ಸುಮ್ಮನಿರ್ರಿ ಸರ, ವಿಚಾರ ಮಾಡಾಕತ್ತೇವಿ

೮ ಆಗಸ್ಟ್ ೧೯೯೪, ಸೋಮವಾರ

ಬಸ್ಸು ಇವತ್ತೂ ತಡ. ಆಳಂದದಿಂದ ಕಿಣ್ಣಿ ಸುಲ್ತಾನದವರೆಗೆ ನಿಂತೇ ಬಂದೆ. ಅಲ್ಲಿ ಜನ ಇಳಿದ ಮೇಲೆ ಸೀಟು ಸಿಕ್ಕಿತು. ಶಾಲೆ ಅಲ್ಲಿಂದ ಎರಡೇ ಸ್ಟಾಪು. ಕೂತು ಏನು ಉಪಯೋಗ.

ಆರನೆಯ ಕ್ಲಾಸು, ಏಳನೆಯ ಕ್ಲಾಸು ಒಂದೇ ಕೋಣೆಯಲ್ಲಿ. ಒಬ್ಬರಿಗೆ ಭಿನ್ನರಾಶಿ, ಇನ್ನೊಬ್ಬರಿಗೆ ಬಡ್ಡಿ ಲೆಕ್ಕ. ಮೂರನೆಯ ಪೀರಿಯಡ್ಡಿಗೆ ದನಿ ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಮಕ್ಕಳು ನಕ್ಕರು. ಕೋಲು ಎತ್ತಿದೆ... ಹೊಡೆಯುವುದಕ್ಕೂ ತ್ರಾಣ ಬೇಕಲ್ಲ. ಇಟ್ಟುಬಿಟ್ಟೆ.

ಸಂಜೆ ಇವರು ತಹಸೀಲ್ ಕಚೇರಿಯಿಂದ ನನಗಿಂತ ಮೊದಲೇ ಬಂದು ಚಹಾ ಮಾಡಿದ್ದರು. ನನ್ನ ದನಿ ಕೇಳಿ, "ಗುಲ್ಬರ್ಗಾಕ್ಕ ಹೋಗಿ ಡಾಕ್ಟರಿಗೆ ತೋರಸೋಣು ನಡಿ" ಎಂದರು. ನೋಡೋಣ.

೧೩ ಆಗಸ್ಟ್

ಗುಲ್ಬರ್ಗದ ಡಾಕ್ಟರು ನೋಡಿದರು. ಗಂಟಲಲ್ಲಿ ಗಂಟು ಬಿದ್ದಿದೆಯಂತೆ. ಸಣ್ಣವು. ಗಾಬರಿ ಪಡುವಂಥದ್ದಲ್ಲ.

"ನೌಕರಿಗಿ ಸೇರಿ ಎಷ್ಟು ವರ್ಷಾತ್ರಿ?"

"ಇಪ್ಪತ್ತರ ಮ್ಯಾಲಾತ್ರಿ."

"ಇನ್ನ ಒದರೂದು ಬಂದ್ ಮಾಡ್ರಿ. ಮಾತೂ ಕಮ್ಮಿ. ಇಲ್ಲಂದ್ರ ಪೂರಾ ಹೋಗ್ತದ ನೋಡ್ರಿ ದನಿ."

ಮಾತಾಡದೆ ಪಾಠ ಮಾಡಬೇಕು! ಕೈ ಕಟ್ಟಿಕೊಂಡು ರೊಟ್ಟಿ ಬಡಿ ಎಂದ ಹಾಗಾಯಿತು. ಬಸ್ಸಿನಲ್ಲಿ ಬರುವಾಗ ಒಂದೂ ಮಾತಾಡಲಿಲ್ಲ. ಇವರೂ ಆಡಲಿಲ್ಲ. ಹಾಯೆನಿಸಿತು.

೨೩ ಆಗಸ್ಟ್

ಆಳಂದದಲ್ಲೇ ತರಬೇತಿ, ವಾರವಿಡೀ. ಕುರ್ಚಿ ಎಲ್ಲ ಹೊರಗೆ ಹಾಕಿಸಿ ನೆಲದ ಮೇಲೆ ದುಂಡಗೆ ಕೂಡಿಸಿದರು. ಮೊಣಕಾಲು ಹಿಡಿದುಕೊಂಡವು. ಹಾಡು ಹಾಡಿಸಿದರು — ನಾನು ತುಟಿ ಅಲ್ಲಾಡಿಸಿದೆ ಅಷ್ಟೆ.

ಹೇಳಿಕೊಡುವವನು ಶ್ರೀನಿವಾಸ ಅಂತ, ಗುಲ್ಬರ್ಗದಿಂದ ಬಂದ ಹುಡುಗ. ಮೀಸೆ ಈಗ ಮೂಡುತ್ತಿದೆ. "ಕ್ಲಾಸಿನ್ಯಾಗ ಎಲ್ಲಾರಕಿಂತ ಹೆಚ್ಚಿಗಿ ಮಾತಾಡಾವ್ರು ಯಾರ್ರಿ? ನೀವು. ಅದನ್ನ ಅರ್ಧ ಮಾಡ್ರಿ. ಹುಡುಗ್ರು ಹುಡುಗ್ರಿಗೆ ಹೇಳಿಕೊಡ್ಲಿ. ನೀವು ಕೇಳ್ರಿ" ಎಂದ.

ಹಿಂದಿನಿಂದ ಯಾರೋ, "ಒಂದು ದಿವಸ ನಮ್ಮ ಸಾಲಿಗಿ ಬಂದು ಮಾಡಿ ತೋರಸ್ರಿ ಸಾಹೇಬ್ರ" ಎಂದರು. ಎಲ್ಲರೂ ನಕ್ಕರು. ಪಾಪ, ಹುಡುಗನ ಮುಖ ಕೆಂಪಾಯಿತು.

ನಾನು ನಗಲಿಲ್ಲ. ಅರ್ಧ ಮಾತು ಎಂದನಲ್ಲ, ಅದೊಂದೇ ಕಿವಿಗೆ ಬಿತ್ತು. ಆದರ್ಶ ಗೀದರ್ಶ ಏನೂ ಅಲ್ಲ. ನನ್ನ ಗಂಟಲಿಗೆ ಬೇಕಾದದ್ದು ಅದೇ.

೫ ಸೆಪ್ಟೆಂಬರ್

ವಿಜ್ಞಾನದ ಪೆಟ್ಟಿಗೆ ಕೇಳಿದೆ. ಸರಕಾರ ಕೊಟ್ಟು ವರ್ಷಗಳಾದವು. ಹೆಡ್‌ಮಾಸ್ತರ್ ಶಿವರಾಯರ ಅಲಮಾರಿಯಲ್ಲಿ ಬೀಗ ಹಾಕಿ ಇದೆ.

"ಒಂದು ಸಾಮಾನ ಒಡದ್ರ ಯಾರ್ರಿ ಜವಾಬು? ನಾನs" ಎಂದರು. ಒಳ್ಳೆಯವರು. ಆದರೆ ಹೆದರಿಕೆ ಬಹಳ. ರಿಟೈರ್ ಆಗುವ ತನಕ ಏನೂ ಒಡೆಯಬಾರದು, ಅಷ್ಟೇ ಅವರ ಆಸೆ. ನನ್ನ ದನಿ ಕೇಳಿ ಮರುಕ ಬಂತೋ ಏನೋ, ಕೊನೆಗೆ ಬೀಗ ತೆಗೆದರು. ಅಯಸ್ಕಾಂತ, ಭೂತಗನ್ನಡಿ, ಒಂದು ತಕ್ಕಡಿ... ಕಾಗದ ಸುತ್ತಿದ್ದು ಸುತ್ತಿದ ಹಾಗೇ ಇತ್ತು.

ಏಳನೆಯ ಕ್ಲಾಸನ್ನು ಗುಂಪು ಮಾಡಿದೆ. ಗದ್ದಲವೋ ಗದ್ದಲ. ಅಯಸ್ಕಾಂತ ಎರಡು ತುಂಡಾಯಿತು. ಶಿವರಾಯರಿಗೆ ಹೇಳಿಲ್ಲ.

೨೧ ಸೆಪ್ಟೆಂಬರ್

ಗದ್ದಲ ತಡೆಯಲು ಆಗುತ್ತಿಲ್ಲ, ಒದರುವ ಹಾಗಿಲ್ಲ. ಬೋರ್ಡಿನ ಮೇಲೆ ಬರೆದೆ — ಏನು ಮಾಡೋಣ, ನೀವೇ ಹೇಳಿ. ಅರ್ಧ ದಿನ ಜಗಳಾಡಿ ನಿಯಮ ಮಾಡಿದರು. ಒಬ್ಬರು ವಿಚಾರ ಮಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಉತ್ತರ ಬಂದವರು ಒದರಬಾರದು, ಕೈ ಎತ್ತಬೇಕು. ಟೀಚರಿಗೂ ಇದೇ ನಿಯಮ.

ಕೊನೆಯದನ್ನು ಸೇರಿಸಿದವಳು ಕಸ್ತೂರಿ, ಊರ ಗೌಡರ ಮೊಮ್ಮಗಳು. ಆಕೆಗೆ ಯಾರ ಹೆದರಿಕೆಯೂ ಇಲ್ಲ. ಪಕ್ಕದಲ್ಲಿ ಖುರ್ಷಿದಬೇಗಂ — ಗಾದಿ ಹೊಲಿಯುವ ಸರ್ದಾರನ ಮಗಳು. ಊರಲ್ಲಿ ಉರ್ದು ಶಾಲೆ ಇಲ್ಲ, ಅದಕ್ಕೆ ನಮ್ಮಲ್ಲಿ. ಆಕೆಯ ಕನ್ನಡಕ್ಕೆ ಮಕ್ಕಳು ನಗುತ್ತಾರೆ ಅಂತ ಬಾಯಿಯೇ ತೆರೆಯುವುದಿಲ್ಲ. ಮೂಕಿ ಎಂದು ಹೆಸರು. ಕಸ್ತೂರಿಯ ಪಕ್ಕ ಕೂಡಿಸಿದ್ದು ನಾನೇ. ಒಬ್ಬಳು ಮಾತಾಡುತ್ತಾಳೆ, ಒಬ್ಬಳು ಆಡುವುದಿಲ್ಲ, ಲೆಕ್ಕ ಸರಿಹೋಗುತ್ತದೆ ಎಂದು.

೧೮ ನವೆಂಬರ್

ಬಹಳ ದಿನ ಬರೆದಿಲ್ಲ. ದಸರೆ, ದೀಪಾವಳಿ, ಇವರಿಗೆ ಜ್ವರ, ಆಮೇಲೆ ಚುನಾವಣೆಯ ಡ್ಯೂಟಿ ತರಬೇತಿ. ಶಿಕ್ಷಕರಿಗೆ ಪಾಠ ಒಂದು ಬಿಟ್ಟು ಎಲ್ಲ ಕೆಲಸ.

ಇವತ್ತಿನದು ಬರೆಯಬೇಕು.

ತಕ್ಕಡಿ ಮುಂದಿಟ್ಟುಕೊಂಡು ಕೂತಿದ್ದರು. ಖುರ್ಷಿದಾ ಕೈ ಎತ್ತಿದಳು. ನನಗೆ ನಂಬಿಕೆ ಬರಲಿಲ್ಲ.

"ಟೀಚರ್, ತಕ್ಕಡಿನೇ ಖೋಟಾ ಇದ್ರ ತಿಳಿಯೂದು ಹ್ಯಾಂಗ್ರಿ? ನಮ್ಮ ಅಬ್ಬಾ ಹತ್ತಿ ತಂದಾಗ ದರ ಸರ್ತಿ ತೂಕ ಕಮ್ಮಿ ಬಿತ್ತು ಅಂತಾನ್ರಿ."

ಒಬ್ಬ ನಗಲು ಹೋದ. ಕಸ್ತೂರಿ ಅವನ ತೊಡೆ ಚಿವುಟಿದಳು.

ಉತ್ತರ ನನ್ನ ಬಾಯಿಯ ತುದಿಗೆ ಬಂದಿತ್ತು. ಹೇಳಲಿಲ್ಲ. ಎರಡು ಪೀರಿಯಡ್ ಕಲ್ಲು, ಸುಣ್ಣದ ಕಡ್ಡಿ, ತೊಗರಿ ಕಾಳು ಇಟ್ಟು ತೂಗಿದರು, ಬಿಚ್ಚಿದರು, ಜಗಳಾಡಿದರು. ಕಡೆಗೆ ಮುಳ್ಳು ಸಮ ನಿಂತಾಗ ಆಕೆಯೇ ತಕ್ಕಡಿಯ ಈ ಪರಡಿಯದನ್ನು ಆ ಪರಡಿಗೆ, ಆ ಪರಡಿಯದನ್ನು ಈ ಪರಡಿಗೆ ಹಾಕಿದಳು. ತಕ್ಕಡಿ ವಾಲಿತು. ನಮ್ಮ ತಕ್ಕಡಿಯೇ ಖೋಟಾ. ಆಮೇಲೆ ಒಂದೇ ಕೂಗು!

ಆ ಹೊತ್ತಿನಲ್ಲಿ ಒಬ್ಬರೂ ನನ್ನ ಕಡೆ ನೋಡಲಿಲ್ಲ. ಕುರ್ಚಿಯಲ್ಲಿ ಕೂತೇ ಇದ್ದೆ. ಸಂತೋಷವೇ ಆಯಿತು... ಜೊತೆಗೆ ಇನ್ನೇನೋ. ಮದುವೆಯಾದ ಮಗಳ ಮನೆಗೆ ಹೋಗಿ ಸುಮ್ಮನೆ ಕೂತ ಹಾಗೆ.

ಕೂಗು ಕೇಳಿ ಶಿವರಾಯರು ಬಂದರು. "ಇದೇನ್ ಸಾಲೇನೋ, ಸಂತೀನೋ? ಪೋರ್ಷನ್ ಎಲ್ಲಿಗಿ ಬಂತ್ರಿ?"

ಅರ್ಧಕ್ಕೂ ಬಂದಿಲ್ಲ.

೧೭ ಜನವರಿ ೧೯೯೫

ಸಂಕ್ರಾಂತಿ ಮುಗಿಯಿತು. ಶೇಂಗಾ ಹೋಳಿಗೆ ತಿಂದು ಗಂಟಲು ಮತ್ತೆ ಕೆಟ್ಟಿತು.

ಖರೆ ಹೇಳಬೇಕೆಂದರೆ ಈ ಹೊಸ ಪದ್ಧತಿ ಮಂತ್ರವಲ್ಲ. ಗುಂಪಿನಲ್ಲಿ ಇಬ್ಬರು ಮಾಡುತ್ತಾರೆ, ಉಳಿದವರು ತೊಗರಿ ಕಾಳು ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಹಿಂದಿನ ಸಾಲಿನವರಿಗೆ ಇನ್ನೂ ಓದಲು ಬರುವುದಿಲ್ಲ. ಮೊದಲಿನ ಹಾಗೆ ಒದರಿ ಬಾಯಿಪಾಠ ಮಾಡಿಸಿದ್ದರೆ ಪಾಸಾದರೂ ಆಗುತ್ತಿದ್ದರು. ಈಗ ಅದಕ್ಕೂ ದನಿ ಇಲ್ಲ. ಮುಂದೆ ಏಳನೆಯದರ ಪಬ್ಲಿಕ್ ಪರೀಕ್ಷೆ.

ಬಸ್ಸಿನಲ್ಲಿ ನಿದ್ದೆ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಎಬ್ಬಿಸಿದ.

೯ ಮಾರ್ಚ್

ಶಿವರಾಯರು ಕೋಣೆಯ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು. "ಪರೀಕ್ಷಾ ಸೆಂಟರಿನ್ಯಾಗ ಮಾತಾಡೀನ್ರಿ. ಗಣಿತದ ದಿವಸ ಜರಾ ಉತ್ತರ ಹೇಳಿ ಬರಸ್ತಾರ. ನೀವು ಮನಸಿಗಿ ಹಚ್ಚಿಗೋಬ್ಯಾಡ್ರಿ."

ಆಮೇಲೆ ತಾವೇ ಅಂದರು.

"ರಿಜಲ್ಟ್ ಬಿದ್ರ ನನ್ನನ್ನ ಯಾ ಮೂಲಿಗಿ ಒಗಿತಾರೋ! ಮನ್ಯಾಗ ಆಕಿ ಹಾಸಿಗಿ ಹಿಡದಾಳ. ಈಗ ಹೋಗಲಿ ಎಲ್ಲಿಗಿ?"

ಅವರ ಹೆಂಡತಿಯ ಪಾರ್ಶ್ವವಾಯು ನನಗೂ ಗೊತ್ತು. ಬೇಡ ಎನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಎಲ್ಲ ಕಡೆ ನಡೆಯುವುದೇ.

೨೯ ಮಾರ್ಚ್, ಸಂಜೆ

ಇದ್ದದ್ದು ಇದ್ದ ಹಾಗೆ ಬರೆದುಬಿಡುತ್ತೇನೆ.

ಗಣಿತ ಪೇಪರು. ಸೆಂಟರಿನಲ್ಲಿ ನನಗೂ ಡ್ಯೂಟಿ, ಬೇರೆ ಊರಿನ ಮಕ್ಕಳ ಕೋಣೆ. ನಮ್ಮ ಮಕ್ಕಳು ಪಕ್ಕದಲ್ಲಿ. ನಡುವಿನ ಗೋಡೆ ಮಾಡಿನವರೆಗೆ ಹೋಗಿಲ್ಲ, ಎಲ್ಲ ಕೇಳುತ್ತದೆ.

ಸ್ವಲ್ಪ ಹೊತ್ತಿಗೆ ಅಲ್ಲಿದ್ದ ಮಾಸ್ತರು ಶುರು ಮಾಡಿದರು. ಯಾವ ಶಾಲೆಯವರೋ, ನನಗೆ ಪರಿಚಯವಿಲ್ಲ. "ಬರಕೋರಿ. ಒಂದನೇದ್ದು..." ಜೋರಾಗಿಯೇ. ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತೆ.

ನಾಲ್ಕೈದು ಲೆಕ್ಕ ಆಗಿರಬೇಕು, ಆಗ ಒಂದು ದನಿ.

"ಸುಮ್ಮನಿರ್ರಿ ಸರ. ವಿಚಾರ ಮಾಡಾಕತ್ತೇವಿ."

ಖುರ್ಷಿದಾ. ಸೊಕ್ಕಿನಿಂದ ಅಂದದ್ದಲ್ಲ. ನಮ್ಮ ಕ್ಲಾಸಿನಲ್ಲಿ ಗದ್ದಲ ಮಾಡುವವರಿಗೆ ಹೇಳುವ ಹಾಗೆಯೇ ಹೇಳಿದಳು. ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ನಕ್ಕಿತು.

ಬೆಂಚು ಬಿದ್ದ ಸದ್ದು. ಬಾಗಿಲಿಗೆ ಬಂದು ನೋಡಿದೆ. ಆ ಮನುಷ್ಯ ಒಂದು ಕೈಯಲ್ಲಿ ಆಕೆಯ ಉತ್ತರಪತ್ರಿಕೆ, ಇನ್ನೊಂದು ಕೈಯಲ್ಲಿ ಆಕೆಯ ರಟ್ಟೆ ಹಿಡಿದು ಆಫೀಸಿಗೆ ಎಳೆದುಕೊಂಡು ಹೊರಟಿದ್ದರು. "ಕಾಪಿ ಮಾಡಾಕತ್ತಿದ್ದಳ್ರಿ. ಡಿಬಾರ್ ಮಾಡ್ರಿ."

ಕಾಪಿ! ಅಷ್ಟು ಜನರಲ್ಲಿ ಆಕೆಯೊಬ್ಬಳು...

ಕೋಣೆ ಬಿಟ್ಟು ಹೋಗುವ ಹಾಗಿಲ್ಲ. ಹೋದೆ. ಆಫೀಸಿನಲ್ಲಿ ಸೂಪರಿಂಟೆಂಡೆಂಟರು ಪೆನ್ನು ತೆಗೆದಿದ್ದರು. ಶಿವರಾಯರು ಮೂಲೆಯಲ್ಲಿ. ಹುಡುಗಿ ಅಳುತ್ತಿರಲಿಲ್ಲ. ನನ್ನನ್ನು ನೋಡಿದ ಮೇಲೆ ಅತ್ತಳು.

ಬಾಯಿ ತೆರೆದೆ. ಗಾಳಿ. ಒಂದು ಅಕ್ಷರವೂ ಹೊರಡಲಿಲ್ಲ. ಟೇಬಲ್ ಸುತ್ತಿ ಅವರ ಕಿವಿಯ ಹತ್ತಿರ ಬಗ್ಗಿ ಹೇಳಬೇಕಾಯಿತು. ಕೋಣೆ ಅಷ್ಟು ಸುಮ್ಮನಾಗಿತ್ತು, ಪಿಸುಮಾತು ಎಲ್ಲರಿಗೂ ಕೇಳಿಸಿತು.

"ಈಕಿ ಕಾಪಿ ಮಾಡ್ಯಾಳ ಅಂತ ಬರೀರಿ ಸಾಹೇಬ್ರ. ಅದರ ಕೆಳಗ ಇನ್ನೂ ಬರೀರಿ. ಯಾರು ಹೇಳಿ ಬರಸಿದ್ರು, ಯಾರು ಕೇಳಿ ಸುಮ್ಮನಿದ್ರು. ಸುಮ್ಮನಿದ್ದವರೊಳಗ ನನ್ನ ಹೆಸರು ಮೊದಲ ಹಾಕ್ರಿ. ಸಹಿ ಮಾಡ್ತೇನಿ."

ಸೂಪರಿಂಟೆಂಡೆಂಟರು ಶಿವರಾಯರ ಕಡೆ ನೋಡಿದರು. ಶಿವರಾಯರು ನೆಲ ನೋಡಿದರು. ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು.

"ಪೇಪರ್ ಕೊಟ್ಟಬಿಡ್ರಿ ಸಾಹೇಬ್ರ" ಎಂದರು. "ಹೇಳಿ ಬರಸ್ರಿ ಅಂದಾವ ನಾನs. ಈಕಿ ತಪ್ಪಿಲ್ಲ."

ಅವರ ಬಾಯಿಂದ ಆ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ.

ಪೇಪರು ಕೊಟ್ಟರು. ಹೊತ್ತು ಬಹಳ ಹೋಗಿತ್ತು. ಹುಡುಗಿ ಬಿಕ್ಕುತ್ತ ಬರೆದಳಂತೆ. ಕೊನೆಯ ದೊಡ್ಡ ಲೆಕ್ಕಗಳನ್ನು ಮುಟ್ಟಲು ಆಗಲೇ ಇಲ್ಲವಂತೆ.

ಇವರಿಗೆ ಹೇಳಿದೆ. "ನಿನಗ್ಯಾಕ ಬೇಕಾಗಿತ್ತು ಅದು?" ಎಂದರು. ಎದ್ದು ಹೋಗಿ ಉಪ್ಪುನೀರು ಕಾಯಿಸಿ ತಂದುಕೊಟ್ಟರು.

೧೧ ಮೇ

ರಿಜಲ್ಟ್. ನಮ್ಮ ಶಾಲೆಯಲ್ಲಿ ಇಬ್ಬರು ಬಿಟ್ಟು ಎಲ್ಲರೂ ಪಾಸು. ಕಸ್ತೂರಿ ಫಸ್ಟ್ ಕ್ಲಾಸು. ಖುರ್ಷಿದಾ ಸೆಕೆಂಡ್. ಅಂಕ ಹೋದದ್ದು ಗಣಿತದಲ್ಲಿ — ಎಲ್ಲ ಬಿಟ್ಟು ಗಣಿತದಲ್ಲಿ.

ಶಿವರಾಯರು ಪೇಢೆ ಕೊಟ್ಟರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

೨ ಜೂನ್

ವರ್ಗಾವಣೆ. ಜೇವರ್ಗಿ ತಾಲೂಕು, ಭೀಮೆಯ ಆಚೆ. ಶಿವರಾಯರನ್ನೂ ಬಿಟ್ಟಿಲ್ಲ, ಅಫಜಲಪುರದ ಕಡೆ ಹಾಕಿದ್ದಾರೆ. ಕಾರಣ ಆಡಳಿತದ ಅನುಕೂಲ. ಬಂದು ಕೂತು, "ಆಕೀನ್ನೂ ಸಂಗಾಟ ಕರಕೊಂಡು ಹೋಗ್ತೇನ್ರಿ. ಖೋಲಿ ನೋಡೀನಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇವರು ಇಲ್ಲೇ. ನಾನು ಅಲ್ಲಿ ಒಂದು ಕೋಣೆ ಹಿಡಿಯಬೇಕು. ಈ ವಯಸ್ಸಿನಲ್ಲಿ ಮತ್ತೆ ಸ್ಟವ್ವು, ಚಾಪೆ, ಕೊಡ.

ಇನ್ನೊಂದು. ಸರ್ದಾರ ಮಗಳನ್ನು ಹೈಸ್ಕೂಲಿಗೆ ಕಳಿಸುವುದಿಲ್ಲವಂತೆ. ಸೆಕೆಂಡ್ ಕ್ಲಾಸಿಗೆ ಯಾಕೆ ಆಳಂದದವರೆಗೆ ಬಸ್ಸು ಎಂದನಂತೆ. ಹೋಗಿ ಹೇಳಬೇಕು. ಆಗಲಿಲ್ಲ. ಸಾಮಾನು ಕಟ್ಟುತ್ತ ಕಟ್ಟುತ್ತ ಗಂಟಿನ ಮೇಲೇ ಕೂತುಬಿಟ್ಟೆ. ಆಕೆಗೆ ಬಾಯಿ ತೆರೆಯಲು ಕಲಿಸಿ ಏನು ಕೊಟ್ಟ ಹಾಗಾಯಿತು?

೧೧ ಜೂನ್, ಭಾನುವಾರ

ಮಧ್ಯಾಹ್ನ ಸರ್ದಾರ ಬಂದ. ಒಬ್ಬನೇ. ಮೈತುಂಬ ಹತ್ತಿಯ ಎಳೆ. ಒಳಗೆ ಬಾ ಎಂದರೂ ಹೊಸ್ತಿಲಲ್ಲೇ ಕೂತ.

"ನಿಮ್ಮ ಹುಡುಗ್ರು ನನಗ ಗಾದಿ ಹೊಲಿಗೊಡವಲ್ರು ಟೀಚರ್. ದಿನಾ ಮುಂಜಾನೆ ಬರ್ತಾರ, ದುಂಡಗ ಕುಂಡ್ರತಾರ, ಒಬ್ರಾದ ಮ್ಯಾಲೆ ಒಬ್ರು ಕೇಳ್ತಾರ. ಯಾಕ ಕಳಸಂಗಿಲ್ರಿ ಅಂತ."

"ನೀ ಏನಂದಿ?"

"ಬಸ್ಸಿಂದು ಅಂದೆ. ಕಸ್ತೂರಿ, ನಾನೂ ಅದೇ ಬಸ್ಸಿಗಿ ಹೋಗ್ತೇನಿ, ಬಾಜೂಕ ಕುಂದರಸ್ಕೋತೇನಿ ಅಂದಳು. ಮಂದಿ ಏನಂತಾರ ಅಂದೆ. ಯಾ ಮಂದಿ, ಹೆಸರು ಹೇಳ್ರಿ, ಅವ್ರನ್ನೂ ಕೇಳಿ ಬರ್ತೇವಿ ಅಂದ್ರು! ಸೆಕೆಂಡ್ ಕ್ಲಾಸ್ ಅಂದೆ. ಆವಾಗ ಆ ಕಸ್ತೂರಿ..."

ಬೆರಳಿಗೆ ಸುತ್ತಿದ ದಾರ ಬಿಚ್ಚಿದ.

"ಗೌಡರ ಕೂಸ್ರಿ ಅದು. ನನ್ನ ಮುಂದ ನಿಂತು, 'ಕಾಕಾ, ನಾ ಆ ಮಾಸ್ತರ ಹೇಳಿದ್ದು ಬರದೀನಿ, ನನಗ ಫಸ್ಟ್ ಕ್ಲಾಸ್. ನಾ ಹೈಸ್ಕೂಲಿಗಿ ಹೋಗ್ತೇನಿ. ಈಕಿ ತನ್ನದು ತಾ ಬರದಾಳ. ಈಕಿ ಯಾಕ ಬರಬಾರದು?' ಅಂತು."

ಚಹಾ ತಂದುಕೊಟ್ಟೆ. ಕುಡಿದು, ಬಶಿಯಲ್ಲಿ ಕಪ್ಪು ಬೋರಲು ಇಟ್ಟ.

"ನಾಳಿಗಿ ಕರಕೊಂಡು ಬರ್ತೇನ್ರಿ. ಹೈಸ್ಕೂಲಿನ್ಯಾಗ ಯಾರಿಗಿ ಏನ್ ಹೇಳಬೇಕೋ ನನಗ ತಿಳ್ಯಾಂಗಿಲ್ಲ. ನೀವೂ ಬರ್ರಿ."

ನಾಳೆ ಜೇವರ್ಗಿಯಲ್ಲಿ ಹಾಜರಾಗಬೇಕು, ಮುಂಜಾನೆಯ ಬಸ್ಸಿಗೇ ಹೊರಡಬೇಕು... ಬರುತ್ತೇನೆ ಎಂದೆ.

೧೨ ಜೂನ್, ಮುಂಜಾನೆ

ಜೇವರ್ಗಿಯ ಬಸ್ಸು ಬಿಟ್ಟೆ. ಒಂದು ದಿನ ತಡವಾಗಿ ಹಾಜರಾದರೆ ಕೇಳುತ್ತಾರೆ. ಕೇಳಲಿ. ಇವರು ನನ್ನ ಟ್ರಂಕನ್ನು ಒಳಗೆ ಎತ್ತಿಟ್ಟರು.

ಓಣಿಯಲ್ಲಿ ಗದ್ದಲ. ಸರ್ದಾರ ಮಗಳನ್ನೊಬ್ಬಳನ್ನೇ ಕರೆತಂದಿಲ್ಲ, ಕಸ್ತೂರಿ ಇದ್ದಾಳೆ, ಹಿಂದೆ ಇನ್ನೂ ಯಾರ್ಯಾರೋ. ಅರ್ಧ ಕ್ಲಾಸೇ ಬಂದಂತಿದೆ. ಖುರ್ಷಿದಾ ಚಪ್ಪಲಿ ಬಿಡುತ್ತ ಬಿಡುತ್ತಲೇ ಕೇಳುತ್ತಿದ್ದಾಳೆ — ಟೀಚರ್, ಹೈಸ್ಕೂಲಿನ್ಯಾಗ ನಾವು ವಿಚಾರ ಮಾಡೂವಾಗ ಮಾಸ್ತರು ಸುಮ್ಮನಿರ್ತಾರೇನ್ರಿ?