ನೀಲಿ ಬಾಟಲಿಯ ನೋಟಿಸು ಯಾರಿಗೆ?

ಮಾನ್ಯ ಅಧಿಕಾರಿಗಳೇ,

ನಮ್ಮ ಕಾಲೇಜಿನ ಸ್ವಚ್ಛತಾ ಕೆಲಸದ ಮೂಕಮ್ಮನವರಿಗೆ ತಾವು ಕಳಿಸಿದ ನೋಟಿಸು ಆಸ್ಪತ್ರೆಯ ಮಂಚಕ್ಕೇ ತಲುಪಿತು. "ಅಜಾಗರೂಕತೆಗಾಗಿ ತಮ್ಮನ್ನೇಕೆ ಕೆಲಸದಿಂದ ತೆಗೆಯಬಾರದು?" ಎಂಬುದನ್ನು ಅವರು ಆಮ್ಲಜನಕದ ಮಾಸ್ಕ್ ಸರಿಸಿಕೊಂಡು ತಾವೇ ಓದಿದರು. ಗಮನಿಸಿ, ಏಳನೇ ತರಗತಿ ಓದಿದವರು. ಬಾಟಲಿಯ ಮೇಲೆ ನಾಲ್ಕಕ್ಷರ ಇದ್ದಿದ್ದರೆ ಅದನ್ನೂ ಓದುತ್ತಿದ್ದರು.

ಪರಿವೀಕ್ಷಣೆಗೆ ತಾವು ಬರುತ್ತೀರೆಂದು ಪ್ರಯೋಗಾಲಯ ತೊಳೆಯಲು ಹೇಳಿದ್ದೆವು. ಸಿಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುತ್ತಿದ್ದ ಮೂಕಮ್ಮ, ಮೂಲೆಯಲ್ಲಿದ್ದ ನೀಲಿ ನೀರಿನ ಬಾಟಲಿಯನ್ನೂ ಅಲ್ಲಿಗೇ ಸುರಿದರು. ಅದರಲ್ಲಿ ಆಸಿಡ್ ಕೂಡ ಇತ್ತು. ಆಸಿಡ್ ಬ್ಲೀಚಿಂಗ್ ಪೌಡರಿಗೆ ಸೇರಿ ಎದ್ದ ವಿಷಗಾಳಿ ಎದೆಗೆ ಹೋಯಿತು. "ನೀಲಿ ಇತ್ತಲ್ರಾ, ಮೈಲುತುತ್ತ ಅಂದ್ಕಂಡೆ. ಕೊಳೆ ಔಷ್ದಿಗೆ ಇಷ್ಟ್ ವರ್ಷ ಕಲ್ಸಿದೀನಿ, ಎಂತೂ ಆಗಿರ್ಲಿಲ್ಲ" ಎಂದರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಈ ತಾಲ್ಲೂಕಿನಲ್ಲಿ ನೀಲಿ ನೀರು ಕಂಡರೆ ಬೇರೇನು ನೆನಪಾದೀತು?

ಇನ್ನು ತಮ್ಮ ಜಾಗರೂಕತೆಗೆ ಬರೋಣ. ನಮ್ಮ ಕಪಾಟಿನಲ್ಲಿ ಹೆಸರಿಲ್ಲದ ನಲವತ್ತು ಬಾಟಲಿಗಳಿವೆ. ಮೈದಾ ಅಂಟಿನ ಚೀಟಿಗಳು ಇಲ್ಲಿಯ ಥಂಡಿಗೆ ಬೂಸ್ಟು ಹಿಡಿದು ಉದುರಿವೆ. ಇವನ್ನು ಒಯ್ಯಿರಿ ಎಂದು ತಮಗೆ ಮೂರು ಸಲ ಬರೆದೆ. ಮೂರು ಸಲವೂ ಒಂದೇ ಉತ್ತರ: "ಪ್ರತಿ ಬಾಟಲಿಯ ರಾಸಾಯನಿಕದ ಹೆಸರಿರುವ ಪಟ್ಟಿ ಲಗತ್ತಿಸಿ." ಅಲ್ಲ ಸ್ವಾಮಿ, ಹೆಸರು ಗೊತ್ತಿದ್ದರೆ ನಿಮ್ಮ ಬಾಗಿಲಿಗೇಕೆ ಬರುತ್ತಿದ್ದೆ? ತೊಟ್ಟಿಲು ಕಟ್ಟಿ ನಾಮಕರಣ ಮಾಡಬೇಕಿತ್ತೇ?

ಆದರೆ ಆ ನೀಲಿ ಬಾಟಲಿಯ ಚೀಟಿ ಉದುರಿದ್ದಲ್ಲ. ಅದಕ್ಕೆ ಚೀಟಿಯೇ ಇರಲಿಲ್ಲ. ಪ್ರಾಯೋಗಿಕ ಪರೀಕ್ಷೆ ಮುಗಿದ ಸಂಜೆ, ಆನಂದಪುರದ ಬಸ್ಸು ತಪ್ಪುತ್ತದೆಂದು, ಬೀಕರುಗಳಲ್ಲಿ ಉಳಿದದ್ದನ್ನೆಲ್ಲ ಅದಕ್ಕೆ ಸುರಿದು, ನಾಳೆ ಬರೆದರಾಯಿತು ಎಂದು ಓಡಿದವಳು ನಾನು. ಹದಿನೆಂಟು ವರ್ಷದಿಂದ "ಮೊದಲು ಚೀಟಿ, ಆಮೇಲೆ ದ್ರಾವಣ" ಎಂದು ಮಕ್ಕಳನ್ನು ಬೈಯುತ್ತಾ ಬಂದವಳೂ ನಾನೇ. ಥೂ, ನನಗೇ ಹೇಸಿಗೆಯಾಗುತ್ತದೆ. ಇದನ್ನು ಮೂಕಮ್ಮನವರಿಗೆ ಹೇಳಿದೆ. ಮಾಸ್ಕ್ ಸರಿಸಿಕೊಂಡು ಕೇಳಿದರು: "ಅವತ್ತು ಬಸ್ ಸಿಕ್ತಾ ಮೇಡಮ್ಮೋರೇ?"

ಸಿಕ್ಕಿತ್ತು. ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು.

ಅವರ ನೋಟಿಸು ಹಿಂಪಡೆಯಿರಿ, ಕೆಲಸ ಉಳಿಸಿ. ಕಪಾಟಿನ ಬಾಟಲಿಗಳನ್ನು ಪರೀಕ್ಷಿಸಿ ಒಯ್ಯಲು ತಿಳಿದವರನ್ನು ಮುಂದಿನ ಮಳೆಗಾಲದೊಳಗೆ ಕಳಿಸಿ. ನೋಟಿಸಿಗೆ ಒಂದು ಹೆಸರು ಬೇಕೇ ಬೇಕೆಂದಾದರೆ ಕೆಳಗಿದೆ. ಈ ಸಲ ಮರೆಯದೆ ಬರೆದಿದ್ದೇನೆ.

ಇಂತಿ,
ಬಸ್ಸು ತಪ್ಪಿಸಿಕೊಳ್ಳದ
ವನಮಾಲಾ
ರಸಾಯನಶಾಸ್ತ್ರ ಉಪನ್ಯಾಸಕಿ, ಹೊಸನಗರ ತಾಲ್ಲೂಕು