ಇನ್ನೊಂದು ಸುತ್ತು

ಶನಿವಾರ, ನವೆಂಬರ್ ೯

ಗುಬ್ಬಿ ಕೊನೆಗೆ ಅಂದದ್ದು ಕನ್ನಡಕದ ವಿಷಯವೋ, ನಮ್ಮ ಜಗಳದ ವಿಷಯವೋ? ಮಲಗಿದರೂ ಮಂಚ ಮೆಲ್ಲಗೆ ತಿರುಗುತ್ತಿರುವಂತಿದೆ.

ಶಾಲೆಯ ಗೆಳತಿ ಗುಬ್ಬಿಯೂ ನಾನೂ ಮಾತು ಬಿಟ್ಟು ಎರಡು ವರ್ಷ. ರಾಜಿ ಮಾಡಿಸಲೆಂದೇ ವಕೀಲೆ ಗೆಳತಿ ನಮ್ಮಿಬ್ಬರನ್ನೂ ಆ ದೊಡ್ಡ ಹೋಟೆಲಿನ ತುತ್ತತುದಿಯ ತಿರುಗುವ ರೆಸ್ಟೋರೆಂಟಿಗೆ ಕರೆದಿದ್ದಳು. ಗುಬ್ಬಿ ಕನ್ನಡಕ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು ಮುಖ ಒರೆಸಿಕೊಂಡಳು. ಆಮೇಲೆ ಕೈ ಚಾಚಿದರೆ ಕನ್ನಡಕವೇ ಇಲ್ಲ. ಎರಡು ಮೇಜು ಹಿಂದೆ ಉಳಿದಿತ್ತು.

"ಕಟ್ಟೆ ತಿರುಗಲ್ಲ ಮೇಡಂ, ನೆಲ ಮಾತ್ರ ತಿರುಗುತ್ತೆ. ತಂದ್ಕೊಡ್ಲಾ?" ಎಂದ ವೇಟರ್.

"ಬೇಡ, ನಾವೇ ಸುತ್ತಿಕೊಂಡು ಬರ್ತೀವಲ್ಲ," ಎಂದಳು ಗುಬ್ಬಿ.

ಅವಳಿಗೆ ಮೆನು ಕಾಣದು. ಶಾಲೆಯಲ್ಲಿ ಬೋರ್ಡು ಓದಿ ಹೇಳುತ್ತಿದ್ದಂತೆ ನಾನೇ ಓದಿದೆ. ತಿಳಿಯದ ಹೆಸರುಗಳಿಗೆ ಬಾಯಿಗೆ ಬಂದ ಅರ್ಥ ಹೇಳಿದೆ; ನಕ್ಕಳು. ಕೆಳಗೆ ಊರಿನ ದೀಪಗಳು ತೇಲಿಹೋಗುತ್ತಿದ್ದವು.

ಕನ್ನಡಕ ಮತ್ತೆ ಹತ್ತಿರವಾಯಿತು. ಕಂಡೂ ಕಾಣದವಳಂತೆ ಕೂತೆ.

"ಏಯ್, ತಗೊಳ್ಳೇ!" ಎಂದಳು ವಕೀಲೆ.

ಗುಬ್ಬಿ ಅತ್ತ ನೋಡಲಿಲ್ಲ. ನನ್ನ ಕಡೆ ತಿರುಗಿ, "ಹೋಗ್ಲಿ ಬಿಡೇ. ನೀನು ಓದು," ಎಂದಳು.

ಊಟ ಆಗಲೇ ಮುಗಿದಿತ್ತು. ಐಸ್‌ಕ್ರೀಮಿನ ಪುಟವನ್ನೇ ಮೊದಲಿನಿಂದ ಮತ್ತೊಮ್ಮೆ, ನಿಧಾನವಾಗಿ ಓದಿದೆ.