ಸ್ತಾಂಕಾ ಗೋಧಿ

ದೊಬ್ರಿಚ್
ಸೆಪ್ಟೆಂಬರ್ 1994

ಅಪ್ಪಾ,

ಅಮ್ಮ ಹೋದ ಮೇಲೂ ಅವಳ ಹೆಸರಿನ ಸ್ತಾಂಕಾ ಗೋಧಿಯನ್ನು ನೀನು ನೆಲಮಾಳಿಗೆಯ ಜಾಡಿಗಳಲ್ಲಿ ಇಟ್ಟಿದ್ದೀಯಲ್ಲ, ಅದರಲ್ಲಿ ಎರಡು ಕಿಲೋ ಬೇಕು. ಸೋಮವಾರದ ಬಸ್ಸಿಗೆ ಕೊಟ್ಟು ಕಳಿಸು. ಗುರುವಾರ ಬಿತ್ತನೆ. ನಮ್ಮ ತಳಿ ಕೇಂದ್ರದಲ್ಲಿದ್ದ ಅದರ ಬೀಜ ಮೊಳೆಯುತ್ತಿಲ್ಲ.

ಅದೇ ಗೋಧಿ ಯಾಕೆ ಎಂದು ಕೇಳುತ್ತೀ. ಬೇರೆಯವರು ಹೇಳುವುದಕ್ಕಿಂತ ನಾನೇ ಹೇಳುತ್ತೇನೆ. ಹೋದ ವಸಂತದಲ್ಲಿ ಮಳೆಯಾಗಲಿಲ್ಲ, ತುಕ್ಕು ರೋಗವೂ ಬರಲಿಲ್ಲ. ನನ್ನ ಹೊಸ ತಳಿ ಹಸಿರಾಗಿ ನಿಂತಿತ್ತು, ಅಕ್ಕಪಕ್ಕದವೂ ಹಾಗೆಯೇ ನಿಂತಿದ್ದವು. ರೋಗವೇ ಬಾರದೆ ರೋಗ ತಡೆಯಿತು ಎಂದರೆ ಯಾರು ನಂಬುತ್ತಾರೆ? ಈ ಸಲವೂ ಹಾಗಾದರೆ ತಳಿಯನ್ನು ಕೈಬಿಡುತ್ತಾರಂತೆ. ಅದಕ್ಕೇ ನಾವೇ ರೋಗ ಹಚ್ಚುತ್ತೇವೆ. ಖಂಡಿತ ಕಾಯಿಲೆ ಬೀಳುವ ಗೋಧಿಯ ಸಾಲೊಂದು ನಡುವೆ ಇರಬೇಕು, ಅಲ್ಲಿಂದ ಉಳಿದವಕ್ಕೆ ಹರಡಬೇಕು.

"ನಿಮ್ಮಪ್ಪ ಮಾಡಿದ ಗೋಧಿಯಷ್ಟು ಚೆನ್ನಾಗಿ ಕಾಯಿಲೆ ಬೀಳೋದು ಈ ಸೀಮೇಲೇ ಇಲ್ಲ ಕಣಮ್ಮ," ಎಂದ ನಮ್ಮ ರೋಗ ವಿಭಾಗದ ಮ್ಲಾದೆನ್.

"ಅದರ ರೊಟ್ಟಿ ತಿಂದೇ ನೀನು ಇಷ್ಟು ದಪ್ಪ ಆಗಿದ್ದು," ಎಂದೆ.

"ಹೌದಲ್ಲ, ರೋಗಕ್ಕೂ ಅದೇ ರುಚಿ ಹತ್ತಿದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕೂರಲಾಗದೆ ಹೊಲದ ತುದಿಯವರೆಗೆ ನಡೆದು ಬಂದೆ. ನನ್ನ ತಳಿ ಇಲ್ಲಿನ ಚಳಿ ತಡೆಯುವುದು ಸ್ತಾಂಕಾದಿಂದ ಬಂದ ಗುಣದಿಂದಲೇ, ಅದು ಅವರಿಗೂ ಗೊತ್ತು.

ಚೀಲ ಒದ್ದೆಯಾಗದಂತೆ ಕಟ್ಟು. ಅದರ ಮೇಲೆ ಅಮ್ಮನ ಹೆಸರು ಬರೆಯಬೇಡ. ಹೊಲದಲ್ಲಿ ಆ ಸಾಲಿಗೆ ನಾನೂ ಬರೀ ನಂಬರಿನ ಹಲಗೆ ನೆಡುತ್ತೇನೆ. ರೋಗ ಏರುವ ಮೇ ತಿಂಗಳಲ್ಲಿ ನೋಡಲು ಬರಬೇಡ ಅಪ್ಪಾ, ಕೊಯ್ಲಿಗೆ ಬಾ.

ನಿನ್ನ
ಝಿವ್ಕಾ